ಅಡಿಕೆ ಲಾಟು ಎಲ್ಲಿ ಕಾಯುತ್ತದೆ? ವಖಾರಿ ಲೆಕ್ಕಕ್ಕೆ ಪ್ರೊಸೆಸ್ ಮೈನಿಂಗ್

ಶಿರಸಿಯ ಅಡಿಕೆ ವಖಾರಿಯಲ್ಲಿ ಕೇಳಿದರೆ ಕೆಲಸದ ದಾರಿಯನ್ನು ಒಂದೇ ಉಸಿರಿಗೆ ಹೇಳುತ್ತಾರೆ: ಆವಕ, ತೂಕ, ಟೆಂಡರ್, ದರಕ್ಕೆ ರೈತರ ಒಪ್ಪಿಗೆ, ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ಖಾತೆಗೆ ಹಣ. ನಿಜವಾಗಿ ಹಾಗೆಯೇ ನಡೆಯುತ್ತದೆಯೋ ಇಲ್ಲವೋ ಎಂಬುದು ಕಂಪ್ಯೂಟರಿನ ದಾಖಲೆಗೆ ಗೊತ್ತು. ಆ ದಾಖಲೆಯಿಂದಲೇ ಕೆಲಸದ ನಕ್ಷೆ ತೆಗೆಯುವುದು ಪ್ರೊಸೆಸ್ ಮೈನಿಂಗ್. ನಕ್ಷೆ ನೋಡಲು ಚೆಂದ. ದುಡ್ಡು ಇರುವುದು ಮಾತ್ರ ಎರಡು ಹಂತಗಳ ನಡುವಿನ ಕಾಯುವಿಕೆಯಲ್ಲಿ.

ಒಂದೇ ಪ್ರಶ್ನೆ ಹಿಡಿಯಿರಿ. ಉದಾಹರಣೆಗೆ, ದರ ಒಪ್ಪಿದ ಮೇಲೆ ಹಣ ಜಮಾ ಆಗಲು ಯಾಕೆ ತಡ?

ಬೇಕಾದದ್ದು ಮೂರು ಕಾಲಂ: ಲಾಟ್ ನಂಬರ್ (ಒಟ್ಟಿಗೆ ಮಾರಾಟಕ್ಕಿಟ್ಟ ಅಡಿಕೆಯ ಗುರುತು), ಕೆಲಸದ ಹೆಸರು, ದಿನಾಂಕ ಸಹಿತ ಸಮಯ. ಹೆಚ್ಚಿನ ಶ್ರಮ ಇಲ್ಲೇ. ಲಾಟ್ ನಂಬರಿನ ಜಾಗದಲ್ಲಿ ಸದಸ್ಯರ ನಂಬರ್ ಹಾಕಿದರೆ ಕೆಟ್ಟಿತು. ಒಬ್ಬರೇ ರಾಶಿ, ಚಾಲಿ, ಬೆಟ್ಟೆ ಎಂಬ ಮೂರು ಬಗೆಯ ಅಡಿಕೆಯನ್ನೂ ತಂದಿರುತ್ತಾರೆ. ಮೂರರ ತೂಕವೂ ಒಂದೇ ಎಳೆಯಲ್ಲಿ ಸೇರಿ, ನಡೆಯದ ಮರುತೂಕ ನಕ್ಷೆಯಲ್ಲಿ ಹುಟ್ಟಿಕೊಳ್ಳುತ್ತದೆ. ಕೆಲಸ ನಡೆದ ಹೊತ್ತೇ ಬೇರೆ, ಎಂಟ್ರಿ ಮಾಡಿದ ಹೊತ್ತೇ ಬೇರೆ. ಹತ್ತು ನಿಮಿಷದಲ್ಲಿ 40 ತೂಕದ ಎಂಟ್ರಿ ಕಂಡರೆ ಸಂಜೆ ಕೂತು ತುಂಬಿಸಿದ್ದೆಂದೇ ಅರ್ಥ. ಅದನ್ನು ಬಿಟ್ಟು ತೂಕದ ಚೀಟಿಯ ಸಮಯ ಹಾಕಿ. ನವೆಂಬರ್ 5ರ 05-11 ಎಂಬುದನ್ನು ತಂತ್ರಾಂಶ ಮೇ 11 ಎಂದು ಓದಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಸಿಬ್ಬಂದಿಯ ಹೆಸರು ತೆಗೆದುಬಿಡಿ. ಯಾರು ನಿಧಾನ ಎಂದು ಪಟ್ಟಿ ಮಾಡುತ್ತಾರೆಂಬ ಗುಮಾನಿ ಹುಟ್ಟಿದರೆ ಮುಂದಿನ ತಿಂಗಳ ಎಂಟ್ರಿಯನ್ನು ನಂಬುವಂತಿಲ್ಲ.

ಹಂಗಾಮೂ ಮಳೆಗಾಲವೂ ಬರುವಂತೆ 12 ತಿಂಗಳ ದಾಖಲೆ ತೆಗೆದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಕೋಷ್ಟಕ) ಕಡತ ಮಾಡಿ. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರಿದ್ದರೆ ಪಿಎಂ4ಪೈ ಎಂಬ ಪ್ರೊಸೆಸ್ ಮೈನಿಂಗ್ ಲೈಬ್ರರಿ ಸಾಕು, ಅದಕ್ಕೆ ದುಡ್ಡಿಲ್ಲ. ಸೆಲೋನಿಸ್‌ನಂಥ ದುಬಾರಿ ತಂತ್ರಾಂಶ ಒಂದು ವಖಾರಿಗೆ ಬೇಕಿಲ್ಲ. ಮೊದಲ ನಕ್ಷೆ ಜೇಡರ ಬಲೆಯಂತೆ ಬರುತ್ತದೆ, ಗಾಬರಿ ಬೇಡ. ಇನ್ನೂ ಮುಗಿಯದ ಲಾಟುಗಳನ್ನು ಬದಿಗಿಟ್ಟು, ನೂರಕ್ಕೆ ಎಂಬತ್ತು ಲಾಟು ಹೋದ ದಾರಿಗಳನ್ನಷ್ಟೇ ಉಳಿಸಿಕೊಳ್ಳಿ. ಸರಾಸರಿ ನೋಡಬೇಡಿ, ನಾಲ್ಕು ಲಾಟು ತಿಂಗಳುಗಟ್ಟಲೆ ನಿಂತರೂ ಅದು ಕೆಡುತ್ತದೆ, ಮಧ್ಯಾಂಕ (ಏರಿಕೆ ಕ್ರಮದಲ್ಲಿಟ್ಟಾಗ ನಡುವೆ ಬರುವ ಅಂಕಿ) ನೋಡಿ. ಭಾನುವಾರ, ಹಬ್ಬದ ರಜೆ ಕಳೆಯಿರಿ.

ಟೆಂಡರ್ ಮತ್ತು ಒಪ್ಪಿಗೆಯ ನಡುವೆ ದೊಡ್ಡ ಅಂತರ ಕಂಡೇ ಕಾಣುತ್ತದೆ. ತಂತ್ರಾಂಶ ಅದನ್ನು ತಡವೆಂದೇ ತೋರಿಸುತ್ತದೆ. ಆದರೆ ದರ ಸಾಲದೆಂದು ರೈತರೇ ಲಾಟು ನಿಲ್ಲಿಸಿದ್ದರೆ ಅದು ಕಚೇರಿಯ ತಡವಲ್ಲ, ಅವರ ವ್ಯಾಪಾರ. 'ದರ ನಿರಾಕರಣೆ' ಎಂದು ಬೇರೆಯೇ ಹೆಸರು ಕೊಟ್ಟು ಪಕ್ಕಕ್ಕಿಡಿ. ಇದನ್ನು ನಕ್ಷೆ ಹೇಳುವುದಿಲ್ಲ, ವಖಾರಿಯಲ್ಲಿ ನಿಂತವರು ಹೇಳುತ್ತಾರೆ. ಆದ್ದರಿಂದ ನಕ್ಷೆ ನೋಡುವಾಗ ಅವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.

ಉಳಿದ ತಡಕ್ಕೆ ರೂಪಾಯಿ ಕಟ್ಟಿ. ದಿನಕ್ಕೆ 20 ಲಕ್ಷದ ಪಟ್ಟಿ 3 ದಿನ ನಿಂತರೆ 60 ಲಕ್ಷ ಸದಾ ಸಿಕ್ಕಿಕೊಂಡಿರುತ್ತದೆ, ಶೇ. 9 ಬಡ್ಡಿಯಲ್ಲಿ ವರ್ಷಕ್ಕೆ 5.4 ಲಕ್ಷ. ಒಂದೇ ದಿನಕ್ಕೆ ಇಳಿದರೆ ಉಳಿತಾಯ 3.6 ಲಕ್ಷ. ಆಡಳಿತ ಮಂಡಳಿಯ ಮುಂದಿಡಬೇಕಾದದ್ದು ಈ ಸಾಲು, ಬಣ್ಣದ ನಕ್ಷೆಯಲ್ಲ. ಕಾರಣ ಸಿಕ್ಕಮೇಲೆ, ಎರಡನೇ ಸಹಿಗೆ ಕಾಯುವುದು ಎಂದಿಟ್ಟುಕೊಳ್ಳಿ, ಅದೊಂದನ್ನೇ ಬದಲಿಸಿ. ಮರುವರ್ಷ ಅದೇ ತಿಂಗಳುಗಳ ದಾಖಲೆಯನ್ನು ಮತ್ತೆ ಹಾಕಿ ನೋಡಿ. ಫೆಬ್ರವರಿಯನ್ನು ಜುಲೈಗೆ ಹೋಲಿಸಿದರೆ ಇಳಿದದ್ದು ತಡವೋ ಆವಕವೋ ತಿಳಿಯುವುದಿಲ್ಲ.