ಡೀಸೆಲ್ ಪಿಕಪ್ ಮಾರಿ ಪೆಟ್ರೋಲ್ ಪಿಕಪ್ ತಗೊಂಡೆ: ಟ್ರೇಲರ್ ಎಳೆಯುವವರಿಗೆ ನನ್ನ ಅನುಭವ

ನಾವಿರೋದು ಅಮೆರಿಕದ ಡೆನ್ವರ್ ಹತ್ತಿರ. ನಮ್ಮ ಹತ್ತಿರ 26 ಅಡಿಯ ಟ್ರಾವೆಲ್ ಟ್ರೇಲರ್ ಇದೆ, ಅಂದರೆ ಗಾಡಿ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆ, ಸಾಮಾನೆಲ್ಲ ತುಂಬಿದರೆ 7,000 ಪೌಂಡ್, ಅಂದರೆ ಸುಮಾರು 3,200 ಕೆಜಿ. ಅದನ್ನು ಎಳೆಯಲು ಮೊದಲು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ. ಸಕಲೇಶಪುರದ ಕಡೆ ಲಾರಿ, ಟ್ರ್ಯಾಕ್ಟರ್ ನೋಡಿಕೊಂಡು ಬೆಳೆದವನು ನಾನು. ಭಾರ ಅಂದರೆ ಡೀಸೆಲ್, ಅದರಲ್ಲಿ ಯೋಚನೆ ಮಾಡೋದು ಏನಿದೆ ಅಂದುಕೊಂಡಿದ್ದೆ.

ಎಳೆಯುವ ವಿಷಯದಲ್ಲಿ ಅದು ನಿಜಕ್ಕೂ ಆನೆ. ನಮ್ಮಲ್ಲಿ ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಐಸೆನ್‌ಹೋವರ್ ಸುರಂಗ ಸಿಗುತ್ತದೆ, 11,000 ಅಡಿಗಿಂತ ಎತ್ತರದಲ್ಲಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇರುವ ಡೀಸೆಲ್‌ಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಇಳಿಯುವಾಗಲಂತೂ ಎಕ್ಸಾಸ್ಟ್ ಬ್ರೇಕ್ (ಹೊಗೆಯನ್ನು ತಡೆದು ಎಂಜಿನ್ನಿನಿಂದಲೇ ಗಾಡಿ ನಿಧಾನ ಮಾಡುವುದು) ಹಾಕಿದರೆ ಸಾಕು, ಕಾಲು ಬ್ರೇಕ್ ಮೇಲೆ ಇಡುವುದೇ ಅಪರೂಪ.

ಮತ್ತೆ ಯಾಕೆ ಮಾರಿದೆ? ಟ್ರೇಲರ್ ಎಳೆಯುವುದು ವರ್ಷಕ್ಕೆ 25-30 ದಿನ. ಉಳಿದ ದಿನ ಅದೇ ಗಾಡಿಯಲ್ಲಿ ಆಫೀಸಿಗೆ 6 ಮೈಲಿ, ಮಕ್ಕಳ ಸ್ಕೂಲಿಗೆ 2 ಮೈಲಿ. ಈಗಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಅದು ಚೆನ್ನಾಗಿ ಕಾದರೆ ಮಾತ್ರ ಮಸಿ ಸುಟ್ಟುಹೋಗುತ್ತದೆ. ಹಾಗೆ ಕಾಯಬೇಕಾದರೆ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿಸಬೇಕು. ನನ್ನದು ಎಂಜಿನ್ ಬಿಸಿ ಆಗುವಷ್ಟರಲ್ಲಿ ಆಫೀಸ್ ಬಂದಿರುತ್ತಿತ್ತು. ಎರಡನೇ ಚಳಿಗಾಲದಲ್ಲಿ ಎಚ್ಚರಿಕೆ ದೀಪ ಹತ್ತಿಕೊಂಡಿತು, ಆಮೇಲೆ ಎಂಜಿನ್ ತಾನೇ ಪವರ್ ಕಡಿಮೆ ಮಾಡಿಕೊಂಡಿತು. ಗ್ಯಾರೇಜಿನಲ್ಲಿ ಒಂದು ವಾರ. ಅವರು ಸರಿಮಾಡಿ ಕೊಟ್ಟ ಮೇಲೆ ಸುಮ್ನೆ ಫಿಲ್ಟರ್ ಕಾಯಿಸೋಕೆ ಅಂತ ಭಾನುವಾರ 40 ಮೈಲಿ ಓಡಿಸಿ ಬರ್ತಿದ್ದೆ. ಇದೆಂಥ ಕೆಲಸ ಅನ್ನಿಸಿತು.

ಇನ್ನೊಂದು ವಿಷಯ ಜಾಹೀರಾತಿನಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ಎಷ್ಟು ಎಳೆಯುತ್ತದೆ ಅನ್ನೋದಕ್ಕಿಂತ ಗಾಡಿ ತನ್ನ ಬೆನ್ನ ಮೇಲೆ ಎಷ್ಟು ಹೊರುತ್ತದೆ ಅನ್ನೋದು ಮೊದಲು ಮುಗಿದುಹೋಗುತ್ತದೆ. ಅದು ಪೇಲೋಡ್. ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕರಿನಲ್ಲಿ ಬರೆದಿರುತ್ತದೆ. ಡೀಸೆಲ್ ಎಂಜಿನ್ನೇ ನೂರಾರು ಪೌಂಡ್ ಜಾಸ್ತಿ ತೂಗುವುದರಿಂದ ಅಷ್ಟು ಇಲ್ಲಿ ಕಡಿಮೆಯಾಗುತ್ತದೆ. ನನ್ನ ಡೀಸೆಲ್‌ನಲ್ಲಿ 2,200 ಪೌಂಡ್ ಇತ್ತು. ಟ್ರೇಲರಿನ ಮೂತಿ ಗಾಡಿಯ ಮೇಲೆ ಹಾಕುವ ಭಾರ 850, ಟ್ರೇಲರ್ ಸಿಕ್ಕಿಸುವ ಕೊಂಡಿ (ಹಿಚ್) 100, ಊರಿಂದ ಬಂದ ಅಪ್ಪ ಅಮ್ಮ ಸೇರಿ ನಾವು ಆರು ಜನ ಇನ್ನೊಂದು 850, ಜನರೇಟರ್, ಸೌದೆ, ಸೈಕಲ್ಲು 250. ಕೂಡಿದರೆ 2,050! ಇಷ್ಟು ದೊಡ್ಡ ಗಾಡಿ ಇಟ್ಟುಕೊಂಡೂ ಅಂಚಿನಲ್ಲೇ ಓಡಿಸುತ್ತಿದ್ದೆ.

ದುಡ್ಡಿನ ಲೆಕ್ಕವನ್ನೂ ಹಾಕಿದೆ. ಹೊಸ ಗಾಡಿಗೆ ಡೀಸೆಲ್ ಎಂಜಿನ್ ಬೇಕೆಂದರೆ ಹತ್ತಿರ ಹತ್ತಿರ 10,000 ಡಾಲರ್ ಹೆಚ್ಚು. ಟ್ರೇಲರ್ ಎಳೆಯುವಾಗ ನನಗೆ ಡೀಸೆಲ್‌ನಲ್ಲಿ ಗ್ಯಾಲನ್ನಿಗೆ 12 ಮೈಲಿ ಸಿಕ್ಕರೆ ಪೆಟ್ರೋಲ್‌ನಲ್ಲಿ ಎಂಟೂವರೆ. ಆದರೆ ಬಂಕಿನಲ್ಲಿ ಆಗ ಡೀಸೆಲ್ 3.90, ಪೆಟ್ರೋಲ್ 3.30. ವರ್ಷಕ್ಕೆ 4,000 ಮೈಲಿ ಎಳೆದರೂ ಉಳಿಯುವುದು ಬರೀ 250 ಡಾಲರ್. ಮಾರುವಾಗ ಡೀಸೆಲ್‌ಗೆ ಒಳ್ಳೆ ಬೆಲೆ ಬರುತ್ತದೆ, ನಿಜ, ಆದರೂ ನನಗೆ ಹೊಂದಲಿಲ್ಲ.

ಈಗ ಇರುವುದು ಫೋರ್ಡ್ ಎಫ್-250, 7.3 ಲೀಟರಿನ ಪೆಟ್ರೋಲ್ ವಿ8. ಪೇಲೋಡ್ 3,100. ಸುರಂಗದ ಏರಿನಲ್ಲಿ ಎಂಜಿನ್ 4,000 ಆರ್‌ಪಿಎಂ ದಾಟಿ ಕೂಗುತ್ತದೆ, ಮೊದಮೊದಲು ಹೆಂಡತಿ ಹೆದರಿ ನಿಲ್ಲಿಸಿ ಅಂದಿದ್ದಳು. ಲಾರಿಗಳ ಜೊತೆ ಬಲಗಡೆ ಲೇನಿನಲ್ಲಿ ಗಂಟೆಗೆ 45 ಮೈಲಿಯಲ್ಲಿ ಹತ್ತುತ್ತೇನೆ, ಅದರಿಂದ ತೊಂದರೆ ಏನೂ ಆಗಿಲ್ಲ. ಇಳಿಜಾರಿನಲ್ಲಿ ಮಾತ್ರ ಎಕ್ಸಾಸ್ಟ್ ಬ್ರೇಕ್ ತುಂಬಾ ನೆನಪಾಗುತ್ತದೆ. ಶಿರಾಡಿ ಘಾಟಿಯ ಡ್ರೈವರುಗಳು ಹೇಳುತ್ತಿದ್ದರಲ್ವಾ, ಹತ್ತುವ ಗೇರಿನಲ್ಲೇ ಇಳಿಸಬೇಕು ಅಂತ, ಹಾಗೇ ಮಾಡುತ್ತೇನೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿಬಿಡಬೇಕು.

12,000 ಪೌಂಡಿನ ಫಿಫ್ತ್ ವೀಲ್ (ಪಿಕಪ್‌ನ ಹಿಂದಿನ ತೊಟ್ಟಿಯೊಳಗೆ ಮೂತಿ ಕೂರಿಸುವ ದೊಡ್ಡ ಟ್ರೇಲರ್) ಎಳೆಯುವವರು, ತಿಂಗಳುಗಟ್ಟಲೆ ರಸ್ತೆಯಲ್ಲೇ ಇರುವವರು ಡೀಸೆಲ್ಲನ್ನೇ ತಗೊಳ್ಳಿ, ಅವರ ಫಿಲ್ಟರ್ ತಾನಾಗಿ ಕಾಯುತ್ತದೆ. ಯಾವುದೇ ಆದರೂ ಬ್ರೋಷರ್ ನಂಬಬೇಡಿ, ನೀವು ಕೊಳ್ಳುವ ಅದೇ ಗಾಡಿಯ ಬಾಗಿಲು ತೆರೆದು ಸ್ಟಿಕರ್ ಓದಿ. ಸನ್‌ರೂಫ್ ಒಂದು ಜಾಸ್ತಿ ಇದ್ದರೂ ಆ ಸಂಖ್ಯೆ ಬದಲಾಗಿರುತ್ತದೆ.