ಕಾಗೆಯ ಕಥೆಯಿಂದ ಇಂಗ್ಲಿಷಿಗೆ: ಒಬ್ಬ ಜೆರಾಕ್ಸ್ ಅಂಗಡಿಯವನ ದಾರಿ

ರಾಣೆಬೆನ್ನೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅಂಕಪಟ್ಟಿ, ಬ್ಯಾಂಕಿನ ಪತ್ರ, ಬಾಡಿಗೆ ಕರಾರು ಎಂದು ದಿನವಿಡೀ ನನ್ನ ಕೈಯಲ್ಲಿ ಇಂಗ್ಲಿಷ್ ಕಾಗದಗಳೇ ಓಡಾಡುತ್ತವೆ. ಮೂವತ್ತನಾಲ್ಕು ವರ್ಷ ತುಂಬುವವರೆಗೆ ಅವುಗಳಲ್ಲಿ ನಾನು ಓದುತ್ತಿದ್ದದ್ದು ಹೆಸರು ಮತ್ತು ಪುಟದ ಸಂಖ್ಯೆ ಮಾತ್ರ. ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ನಮ್ಮ ಕಾಲದಲ್ಲಿ ಐದನೇ ತರಗತಿಯಲ್ಲಿ ಎಬಿಸಿಡಿ, ಹತ್ತನೇ ತರಗತಿಯಲ್ಲಿ ಹಸುವಿನ ಮೇಲೆ ಬಾಯಿಪಾಠದ ಪ್ರಬಂಧ. ಆಮೇಲೆ ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆ ಎಂದವರಿಗೂ ದುಡ್ಡು ಕಟ್ಟಿದೆ. ಹನ್ನೆರಡು ಕಾಲಗಳ ಪಟ್ಟಿ ಕೊಟ್ಟರು. ಪಟ್ಟಿ ಮನೆಗೆ ಬಂತು, ಇಂಗ್ಲಿಷ್ ಬರಲಿಲ್ಲ.

ಅದು ಬಂದದ್ದು ಮಗಳ ದೆಸೆಯಿಂದ. ಮೂರನೇ ತರಗತಿಯಲ್ಲಿದ್ದ ಅವಳಿಗೆಂದು ಎಂಟು ಪುಟದ ಕಥೆಯೊಂದನ್ನು ಪ್ರಿಂಟ್ ತೆಗೆದೆ. ಯಂತ್ರದಿಂದ ಹಾಳೆ ಹೊರಬರುವಷ್ಟರಲ್ಲಿ ಮೊದಲ ಪುಟವನ್ನು ನಾನೇ ಓದಿ ಮುಗಿಸಿದ್ದೆ, ಅದೂ ಅರ್ಥವಾಗಿ! ಅಲ್ಲಿಂದ ನಡೆದ ದಾರಿಯನ್ನು ನನ್ನಂತಹ ದೊಡ್ಡವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ನಾಚಿಕೆ ಬಿಡುವುದು. ಮೀಸೆ ಬಂದವನು ಆನೆಮರಿಯ ಕಥೆ ಓದುವುದೇ ಎಂದು ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ನಿಮಗಿನ್ನೂ ಮೀಸೆ ಬಂದಿಲ್ಲ ಎಂದುಕೊಂಡು ಓದಿ.

ಕಥೆ ಆರಿಸುವುದಕ್ಕೆ ನನ್ನ ಅಳತೆ ಇಷ್ಟೇ. ಯಾವುದಾದರೂ ಪುಟದಲ್ಲಿ ಐವತ್ತು ಪದ ಎಣಿಸಿ. ಅದರಲ್ಲಿ ಗೊತ್ತಿಲ್ಲದ ಪದ ಒಂದೋ ಎರಡೋ ಇದ್ದರೆ ಆ ಕಥೆ ನಿಮ್ಮದು. ಐದು ಸಿಕ್ಕರೆ ಮುಲಾಜಿಲ್ಲದೆ ಬದಿಗಿಡಿ, ಮೂರು ತಿಂಗಳ ನಂತರ ನೋಡಿದರಾಯಿತು. ಕಷ್ಟದ ಪುಸ್ತಕ ಹಿಡಿದರೆ ಬೇಗ ಕಲಿಯುತ್ತೇವೆ ಎಂಬ ಭ್ರಮೆಯಲ್ಲಿ ಇಂಗ್ಲಿಷ್ ದಿನಪತ್ರಿಕೆಯನ್ನು ಎಂಟು ತಿಂಗಳು ತರಿಸಿದವನು ನಾನು. ಅದರಿಂದ ಲಾಭವಾದದ್ದು ರದ್ದಿಯವನಿಗೆ.

ಇಂತಹ ಕಥೆಗಳು ಎಲ್ಲಿ ಸಿಗುತ್ತವೆ? ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣವೇ ನನಗೆ ದೊಡ್ಡ ಉಪಕಾರ ಮಾಡಿದ್ದು. ಕಥೆಗಳು ಉಚಿತ, ನಾಲ್ಕು ಹಂತಗಳಲ್ಲಿವೆ, ಮುಕ್ತ ಪರವಾನಗಿಯಲ್ಲಿರುವುದರಿಂದ ಪ್ರಿಂಟ್ ತೆಗೆದು ಹಂಚಿದರೂ ತಪ್ಪಿಲ್ಲ (ನನ್ನ ವೃತ್ತಿಯವರಿಗೆ ಇದು ಮುಖ್ಯ). ಒಂದನೇ ಹಂತದ ಕಥೆ 250 ಪದ ದಾಟುವುದಿಲ್ಲ. ಅನೇಕ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಮೊದಲು ಕನ್ನಡದ್ದನ್ನು ಓದಿ, ಮುಚ್ಚಿಟ್ಟು, ಇಂಗ್ಲಿಷಿನದನ್ನು ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಮಾತ್ರ ಕೆಟ್ಟಿತು: ಕಣ್ಣು ಕನ್ನಡದ ಕಡೆಗೇ ಜಾರುತ್ತದೆ.

ಈಗ ಓದುವ ಬಗೆ. ನಮಗೆಲ್ಲ ಗೊತ್ತಿರುವ ಬಾಯಾರಿದ ಕಾಗೆಯ ಕಥೆಯನ್ನೇ ತೆಗೆದುಕೊಳ್ಳಿ. ಅದು ಇಂಗ್ಲಿಷಿನಲ್ಲಿ ಹೀಗೆ ಶುರುವಾಗಬಹುದು: ‘ಎ ಕ್ರೋ ವಾಸ್ ಥರ್ಸ್ಟಿ. ದಿ ಕ್ರೋ ಸಾ ಎ ಪಾಟ್. ದಿ ಪಾಟ್ ಹ್ಯಾಡ್ ಲಿಟಲ್ ವಾಟರ್.’ ಮೊದಲ ಸಲ ಬಂದಾಗ ಕಾಗೆ ‘ಎ ಕ್ರೋ’, ಎರಡನೆಯ ಸಲ ‘ದಿ ಕ್ರೋ’. ಮಡಕೆಯದೂ ಅದೇ ಕಥೆ. ಈ ‘ಎ’ ಮತ್ತು ‘ದಿ’ಗಳ ಬಗ್ಗೆ ಶಾಲೆಯಲ್ಲಿ ಎಷ್ಟು ಏಟು ತಿಂದಿದ್ದೇನೋ. ಆದರೆ ನಮ್ಮ ಅಜ್ಜಿ ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ? ‘ಒಂದು ಊರಿನಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಹೆಂಡತಿಯರು.’ ಮೊದಲು ‘ಒಬ್ಬ’, ಆಮೇಲೆ ‘ಆ’. ಕೇಳುವವನಿಗೆ ಇನ್ನೂ ಪರಿಚಯವಿಲ್ಲದ್ದಕ್ಕೆ ‘ಎ’, ಪರಿಚಯವಾದ ಮೇಲೆ ‘ದಿ’. ಎಲ್ಲ ಕಡೆಗೂ ಈ ಲೆಕ್ಕ ಸಾಲದು, ಸೂರ್ಯ ಮೊದಲ ಸಲವೇ ‘ದಿ ಸನ್’ ಆಗಿ ಹುಟ್ಟುತ್ತಾನೆ. ಆದರೂ ಕಥೆಯೊಳಗಿನ ಹೆಚ್ಚಿನ ಕೆಲಸ ಇದರಿಂದ ಸಾಗುತ್ತದೆ.

ಇನ್ನೊಂದು ಜಾಗದಲ್ಲಿ ಕನ್ನಡವೇ ನಮ್ಮ ಕಾಲಿಗೆ ತೊಡರುತ್ತದೆ. ‘ಕಾಗೆ ಬಂದು, ಮಡಕೆ ನೋಡಿ, ಕಲ್ಲು ಹಾಕಿ, ನೀರು ಕುಡಿದು ಹಾರಿಹೋಯಿತು.’ ಇಷ್ಟೂ ಕ್ರಿಯೆಗಳಲ್ಲಿ ಕಾಲ ತಿಳಿಸುವುದು ಕೊನೆಯದೊಂದೇ, ಉಳಿದವು ಅದರ ಬೆನ್ನಿಗೆ ಕಟ್ಟಿದ ಬಂಡಿಗಳು. ಇದನ್ನೇ ಇಂಗ್ಲಿಷಿಗೆ ತಿರುಗಿಸಲು ಹೋಗಿ ನಾನು ‘ಕಮಿಂಗ್, ಸೀಯಿಂಗ್, ಡ್ರಿಂಕಿಂಗ್’ ಎಂದು ಸರ ಪೋಣಿಸುತ್ತಿದ್ದೆ. ಕಥೆಗಳಲ್ಲಿ ನೋಡಿದರೆ ಪ್ರತಿಯೊಂದೂ ಭೂತಕಾಲದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ: ‘ಕೇಮ್’, ‘ಸಾ’, ‘ಡ್ರ್ಯಾಂಕ್’, ‘ಫ್ಲೂ’. ಕೊನೆಯದಕ್ಕೆ ಮುಂಚೆ ಒಂದು ‘ಆ್ಯಂಡ್’. ಕಥೆ ಎಂದರೆ ನಡೆದುಹೋದದ್ದು, ಹಾಗಾಗಿ ‘ವೆಂಟ್’, ‘ಸೆಡ್’, ‘ಟುಕ್’, ‘ಗೇವ್’ ಇವು ಪುಟಪುಟಕ್ಕೂ ಎದುರಾಗುತ್ತವೆ. ಇಪ್ಪತ್ತು ಕಥೆ ಓದಿದ ಮೇಲೆ ಅವುಗಳನ್ನು ಬಾಯಿಪಾಠ ಮಾಡುವ ಪ್ರಮೇಯವೇ ಬರುವುದಿಲ್ಲ.

ಓದುವಾಗ ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ. ಪೆನ್ಸಿಲಿನಲ್ಲಿ ಸಣ್ಣ ಚುಕ್ಕೆ ಇಟ್ಟು ಮುಂದೆ ಹೋಗಿ. ಚಿತ್ರ ನೋಡಿದರೆ ಅರ್ಧಕ್ಕೆ ಅರ್ಥ ಸಿಗುತ್ತದೆ. ಎರಡನೆಯ ಓದಿಗೂ ಉಳಿದ ಚುಕ್ಕೆಗಳಿಗೆ ಮಾತ್ರ ನಿಘಂಟು. ನೋಟ್ ಪುಸ್ತಕದಲ್ಲಿ ಪದವನ್ನಷ್ಟೇ ಬರೆಯದೆ ಅದು ಬಂದ ಇಡೀ ವಾಕ್ಯವನ್ನು ಬರೆದಿಡಿ. ‘ಟುಕ್’ ಎಂದರೆ ತೆಗೆದುಕೊಂಡ ಎಂದಷ್ಟೇ ಬರೆದುಕೊಂಡರೆ, ‘ಟುಕ್ ದಿ ಬಸ್’ ಎಂದಾಗ ಬಸ್ಸನ್ನೇ ಎತ್ತಿಕೊಂಡು ಹೋದಂತೆ ಕಾಣುತ್ತದೆ.

ಮೂರನೆಯ ಓದು ಗಟ್ಟಿಯಾಗಿ, ಕಿವಿಯ ಸಹಾಯದಿಂದ. ಬರೆದಂತೆ ಓದುವ ಕನ್ನಡದ ಅಭ್ಯಾಸ ಇಂಗ್ಲಿಷಿನಲ್ಲಿ ಮೋಸ ಮಾಡುತ್ತದೆ. ‘ಎಸ್-ಎ-ಐ-ಡಿ’ ಎಂದು ಬರೆಯುವ ‘ಸೆಡ್’ ಎಂಬುದನ್ನು ನಾನು ಬಹಳ ದಿನ ‘ಸೈಡ್’ ಎಂದೇ ಓದುತ್ತಿದ್ದೆ. ಕಾಗುಣಿತದ ಪ್ರಕಾರ ನನ್ನದು ಅಂತಹ ತಪ್ಪೂ ಅಲ್ಲ. ಭೂತಕಾಲಕ್ಕೆ ಸೇರುವ ‘ಇ-ಡಿ’ ಅಕ್ಷರಗಳಿಗಂತೂ ಮೂರು ದನಿ: ‘ವಾಕ್ಟ್’ನಲ್ಲಿ ಟ್, ‘ಪ್ಲೇಡ್’ನಲ್ಲಿ ಡ್, ‘ವಾಂಟೆಡ್’ನಲ್ಲಿ ಎಡ್. ಮೂಲ ಪದ ಟ್ ಅಥವಾ ಡ್ ದನಿಯಿಂದ ಮುಗಿದರೆ ಮಾತ್ರ ಎಡ್. ‘ವಾಕೆಡ್’ ಎನ್ನುವುದನ್ನು ಬಿಡಲು ನನಗೆ ಒಂದು ಮಳೆಗಾಲ ಹಿಡಿಯಿತು. ಸ್ಟೋರಿವೀವರಿನ ಕೆಲವು ಕಥೆಗಳಿಗೆ ಓದುವ ದನಿಯೂ ಇದೆ, ದನಿ ಸಾಗಿದಂತೆ ಅಕ್ಷರಗಳು ಬಣ್ಣ ಪಡೆಯುತ್ತವೆ. ಅದರ ಹಿಂದೆಯೇ, ಒಂದು ಪದದಷ್ಟು ತಡವಾಗಿ, ನೀವೂ ಹೇಳುತ್ತಾ ಹೋಗಿ. ಗಿರಾಕಿಗಳಿಲ್ಲದ ಮಧ್ಯಾಹ್ನ ಎರಡರಿಂದ ಮೂರರವರೆಗೆ ನನ್ನದು ಇದೇ ಕೆಲಸ. ಎದುರಿನ ಬೇಕರಿಯವರು ನಾನು ಫೋನಿನಲ್ಲಿ ಯಾರೊಂದಿಗೋ ಜಗಳವಾಡುತ್ತಿದ್ದೇನೆ ಎಂದುಕೊಂಡಿದ್ದರಂತೆ.

ಕೊನೆಯದು, ಹೆಚ್ಚಿನವರು ಬಿಟ್ಟುಬಿಡುವುದು: ಪುಟ ಮುಚ್ಚಿ ಕಥೆಯನ್ನು ನಿಮ್ಮ ಬಾಯಿಯಲ್ಲಿ ಹೇಳುವುದು. ಐದೇ ವಾಕ್ಯ ಸಾಕು. ನಾನು ರಾತ್ರಿ ಊಟವಾದ ಮೇಲೆ ಮಗಳಿಗೆ ಹೇಳುತ್ತಿದ್ದೆ. ‘ದಿ ಕ್ರೋ ಡ್ರಿಂಕ್ಡ್ ವಾಟರ್’ ಎಂದ ದಿನ ಅವಳು ಹೊದಿಕೆಯೊಳಗಿನಿಂದಲೇ, ‘ಅಪ್ಪಾ, ಡ್ರ್ಯಾಂಕ್’ ಎಂದಳು. ಮೂವತ್ತು ದಿನಗಳ ತರಗತಿಯಲ್ಲಿ ಎಷ್ಟು ತಿದ್ದಿದರೂ ನಿಲ್ಲದ ಆ ಪದ ಅಂದು ರಾತ್ರಿ ನಿಂತಿತು. ಮನೆಯಲ್ಲಿ ಕೇಳುವವರಿಲ್ಲದಿದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಮಾರನೆಯ ದಿನ ಕಥೆಯ ಜೊತೆ ಹೋಲಿಸಿ. ತನ್ನ ದನಿ ಕೇಳಿ ಮುಜುಗರವಾಗುವುದು ನಾಲ್ಕು ದಿನ ಅಷ್ಟೇ.

ಒಂದು ಕಥೆಗೆ ಮೂರು ದಿನ ಕೊಡಿ. ನನಗೆ ವಾರಕ್ಕೆ ಎರಡರಂತೆ ವರ್ಷದಲ್ಲಿ ನೂರರ ಹತ್ತಿರ ಬಂತು. ಆಮೇಲೆ ಮೇಲಿನ ಹಂತಕ್ಕೆ ಹತ್ತಬಹುದು. ಪದಗಳ ಮಿತಿ ಹಾಕಿ ಸರಳಗೊಳಿಸಿದ ಪುಸ್ತಕಮಾಲೆಗಳಿವೆ: ಆಕ್ಸ್‌ಫರ್ಡ್ ಬುಕ್‌ವರ್ಮ್ಸ್‌ನಲ್ಲಿ ಒಂದನೇ ಹಂತಕ್ಕೆ 400 ಮೂಲಪದಗಳು, ಆರನೆಯದಕ್ಕೆ 2500. ದುಬಾರಿ ಎನ್ನಿಸಿದರೆ ಗ್ರಂಥಾಲಯದಲ್ಲಿ ಕೇಳಿ. ನಂತರ ಮೈಸೂರಿನ ಆರ್.ಕೆ. ನಾರಾಯಣರ ಸಣ್ಣ ಕಥೆಗಳು. ಅವರ ವಾಕ್ಯಗಳು ಸರಳವೆಂದು ಕಂಡರೂ ಒಮ್ಮೊಮ್ಮೆ ಬಾಲ ಉದ್ದ. ಆದರೆ ಊರು ನಮ್ಮದೇ ಆದ್ದರಿಂದ ದಾರಿ ತಪ್ಪುವುದಿಲ್ಲ.

ಇನ್ನೊಂದು ಮಾತು, ಇದು ಅಂಗಡಿಯವನಾಗಿ. ಕಥೆಯನ್ನು ಪ್ರಿಂಟ್ ತೆಗೆಸುವಾಗ ಎರಡೂ ಮಗ್ಗುಲಿಗೆ ಬೇಡ, ಒಂದೇ ಮಗ್ಗುಲಿಗೆ ಹಾಕಲು ಹೇಳಿ. ನಾಲ್ಕು ರೂಪಾಯಿ ಹೆಚ್ಚಾದರೂ ಆಗಲಿ. ಹಿಂದಿನ ಖಾಲಿ ಬದಿ ನೀವು ಅದೇ ಕಥೆಯನ್ನು ನೋಡದೆ ಬರೆಯುವುದಕ್ಕೆ.