ಬಿಚ್ಚಲು ಬರುವಂತೆ ಹೆಣೆದ ಪ್ಯಾರಾಕಾರ್ಡ್ ಕೈಪಟ್ಟಿ

ಪ್ಯಾರಾಕಾರ್ಡ್ ಕೈಪಟ್ಟಿಯನ್ನು ಹುಡುಗರು ಅಲಂಕಾರಕ್ಕೆಂದು ಹಾಕಿಕೊಳ್ಳುತ್ತಾರೆ. ನಾನು ಮಾತ್ರ ಅದನ್ನು ಮಣಿಕಟ್ಟಿಗೆ ಸುತ್ತಿಟ್ಟುಕೊಂಡ ಎರಡೂವರೆ ಮೀಟರ್ ಹಗ್ಗವೆಂದೇ ಎಣಿಸುತ್ತೇನೆ. ಸ್ಕೂಟರಿನ ಹಿಂದೆ ಕಟ್ಟಿದ ಗಂಟು ಸಡಿಲವಾದಾಗ, ಜೂನ್ ತಿಂಗಳ ಗಾಳಿಮಳೆಗೆ ಜಗಲಿಯ ಟಾರ್ಪಾಲಿನ ಮೂಲೆ ಕಿತ್ತುಬಂದಾಗ, ಬಸ್ಸಿನಲ್ಲಿ ಚೀಲದ ಹಿಡಿ ಕಳಚಿದಾಗ ಅದು ಉಪಯೋಗಕ್ಕೆ ಬರಬೇಕು. ಆದ್ದರಿಂದ ನೂಲನ್ನು ಆರಿಸುವುದರಿಂದ ಹಿಡಿದು ಕೊನೆಯ ಗಂಟನ್ನು ಮುಗಿಸುವ ತನಕ, ಅವಸರಕ್ಕೆ ಬಿಚ್ಚಲು ಬರುತ್ತದೆಯೇ ಎಂಬುದನ್ನೇ ಮುಂದಿಟ್ಟುಕೊಂಡು ಹೆಣೆಯಬೇಕು.

ಹೆಸರೇ ತಿಳಿಸುವಂತೆ ಇದು ಪ್ಯಾರಾಶೂಟಿನ ಹಗ್ಗ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ನೆಲಕ್ಕಿಳಿದ ಮೇಲೂ ಇದನ್ನು ಕತ್ತರಿಸಿ ಇಟ್ಟುಕೊಂಡು ನೂರೆಂಟು ಕೆಲಸಗಳಿಗೆ ಬಳಸುತ್ತಿದ್ದರು. 1997ರಲ್ಲಿ ಹಬಲ್ ದೂರದರ್ಶಕದ ದುರಸ್ತಿಗೆ ಹೋದ ಗಗನಯಾತ್ರಿಗಳೂ ಹರಿದ ಶಾಖನಿರೋಧಕ ಹೊದಿಕೆಗೆ ತೇಪೆ ಹಾಕುವಾಗ ಪ್ಯಾರಾಶೂಟ್ ಹಗ್ಗದ ನೆರವು ಪಡೆದರು. ಕೈಪಟ್ಟಿಗೆ ಬೇಕಾದದ್ದು 550 ಎಂದು ಕರೆಯುವ, ಸುಮಾರು 4 ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗ. 550 ಎಂದರೆ ಅದು ತಾಳಬೇಕಾದ ಪೌಂಡುಗಳ ಲೆಕ್ಕ, ಅಂದರೆ ಸುಮಾರು 250 ಕಿಲೋ. ಗಂಟು ಹಾಕಿದ ಕಡೆ ಯಾವ ಹಗ್ಗದ ಬಲವೂ ಬಹಳಷ್ಟು ಇಳಿಯುತ್ತದೆ. ಆದ್ದರಿಂದ ಆ ಅಂಕಿಯನ್ನು ನಂಬಿ ಬಾವಿಗೆ ಇಳಿಯುವುದು, ಮರ ಹತ್ತುವುದು ಮುಂತಾಗಿ ಮನುಷ್ಯರ ಭಾರವನ್ನು ಇದಕ್ಕೆ ಒಪ್ಪಿಸುವ ಮಾತೇ ಬೇಡ.

ಒಳ್ಳೆಯ ಹಗ್ಗವನ್ನು ಗುರುತಿಸಲು ಅಂಗಡಿಯವನ ಮಾತಿಗಿಂತ ಕತ್ತರಿಯನ್ನು ನಂಬಬೇಕು. ತುದಿಯನ್ನು ಕತ್ತರಿಸಿ ಹೊರಗಿನ ಹೆಣಿಗೆಯನ್ನು ಹಿಂದಕ್ಕೆ ಸರಿಸಿದರೆ ಒಳಗೆ ಸಾಮಾನ್ಯವಾಗಿ ಏಳು ಬಿಳಿ ಎಳೆಗಳು ಬಿಡಿಬಿಡಿಯಾಗಿ ಕಾಣಬೇಕು, ಪ್ರತಿ ಎಳೆಯೂ ಎರಡು ಮೂರು ಸಣ್ಣ ನೂಲುಗಳನ್ನು ಹುರಿಮಾಡಿದ್ದಾಗಿರಬೇಕು. ಒಳಗೆ ಬರೀ ಹತ್ತಿಯಂಥ ಜೊಂಪೆ ತುಂಬಿದ್ದರೆ ಅದು ನೋಟಕ್ಕಷ್ಟೇ. ಇನ್ನೊಂದು ಪರೀಕ್ಷೆಯೂ ಉಂಟು: ಅಂಗುಲದಷ್ಟು ತುಂಡನ್ನು ನೀರಿನ ಲೋಟದಲ್ಲಿ ಹಾಕಿ, ಒಳಗಿನ ಗಾಳಿ ಹೋಗುವಂತೆ ಬೆರಳಿನಿಂದ ಚೆನ್ನಾಗಿ ಹಿಚುಕಿ ಬಿಟ್ಟರೆ ನೈಲಾನ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ಮಲ್ಪೆ ಬಂದರಿನ ಬಳಿ, ಮಂಗಳೂರಿನ ಧಕ್ಕೆಯ ಬಳಿ ದೋಣಿಯವರಿಗೆ ಮಾರುವ ನೀಲಿ, ಹಸಿರು ಹಗ್ಗಗಳು ತಮ್ಮ ಕೆಲಸಕ್ಕೆ ಗಟ್ಟಿಯಾದವೇ ಹೌದು, ಆದರೆ ಬಿರುಸಾಗಿರುವುದರಿಂದ ಮಣಿಕಟ್ಟಿನ ಚರ್ಮವನ್ನು ಉಜ್ಜಿ ಕೆಂಪು ಮಾಡುತ್ತವೆ. ಕೆಲವರು ಹಣ ಉಳಿಸಲೆಂದು ಅದರಲ್ಲೇ ಹೆಣೆಯುತ್ತಾರೆ, ನಾನು ಒಪ್ಪುವುದಿಲ್ಲ.

ನೈಲಾನ್ ನೀರಿಗೆ ಬಿದ್ದು ಒಣಗಿದ ಮೇಲೆ ಸ್ವಲ್ಪ ಕುಗ್ಗುತ್ತದೆ. ಮಳೆಯಲ್ಲಿ ನೆನೆಯದೆ ವರ್ಷ ಕಳೆಯಲಾಗದ ನಮ್ಮ ಕರಾವಳಿಯಲ್ಲಿ ಇದನ್ನು ಮರೆತವರ ಪಟ್ಟಿ ಆಟಿ ತಿಂಗಳು ಮುಗಿಯುವುದರೊಳಗೆ ಕೈ ಹಿಡಿಯತೊಡಗುತ್ತದೆ. ಹಗ್ಗವನ್ನು ಮೊದಲೇ ಬಿಸಿನೀರಿನಲ್ಲಿ ಕೆಲವು ನಿಮಿಷ ನೆನೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಅಳೆಯಿರಿ. ಮಣಿಕಟ್ಟಿನ ಸುತ್ತಳತೆಗೆ ಎರಡರಿಂದ ಎರಡೂವರೆ ಸೆಂಟಿಮೀಟರ್ ಸೇರಿಸಿದರೆ ಪಟ್ಟಿಯ ಉದ್ದ ಸಿಗುತ್ತದೆ. ಪಟ್ಟಿಯ ಎರಡು ಕೊನೆಗಳನ್ನು ಜೋಡಿಸುವ, ಎರಡು ಭಾಗಗಳ ಬಕಲ್ಲಿನ ಉದ್ದವೂ ಇದರೊಳಗೇ ಬರಬೇಕು, ಆದರೆ ಒಂದು ಭಾಗದಿಂದ ಇನ್ನೊಂದರೊಳಗೆ ಸೇರಿಹೋಗುವ ಹಲ್ಲನ್ನು ಎಣಿಸಬಾರದು. ಪ್ರತಿ ಎರಡೂವರೆ ಸೆಂಟಿಮೀಟರ್ ಹೆಣಿಗೆಗೆ 30 ಸೆಂಟಿಮೀಟರ್ ಹಗ್ಗ ಬೇಕಾಗುತ್ತದೆ. ಸಾಧಾರಣ ಕೈಗೆ ಎರಡೂವರೆ ಮೀಟರ್ ಸಾಕಾದರೂ ಮೂರು ಮೀಟರ್ ಇಟ್ಟುಕೊಂಡು ಕೂರುವುದು ಜಾಣತನ, ಏಕೆಂದರೆ ಉಳಿದ ತುಂಡು ಯಾವುದಕ್ಕಾದರೂ ಆಗುತ್ತದೆ, ಸಾಲದೆ ಬಂದ ಪಟ್ಟಿಯನ್ನು ಬಿಚ್ಚದೆ ಬೇರೆ ದಾರಿಯಿಲ್ಲ.

ಹಗ್ಗವನ್ನು ಎರಡಾಗಿ ಮಡಚಿ, ಮಡಿಕೆಯನ್ನು ಬಕಲ್ಲಿನ ಒಂದು ಭಾಗದ ಕಂಡಿಯಲ್ಲಿ ತೂರಿಸಿ, ಎರಡು ತುದಿಗಳನ್ನೂ ಆ ಮಡಿಕೆಯೊಳಗಿಂದ ಎಳೆದು ಬಿಗಿಮಾಡಿ. ಬಳಿಕ ಅವೇ ತುದಿಗಳನ್ನು ಬಕಲ್ಲಿನ ಇನ್ನೊಂದು ಭಾಗದ ಕಂಡಿಯಲ್ಲಿ ತೂರಿಸಿ, ನಡುವೆ ಬೇಕಾದ ಉದ್ದವನ್ನು ಬಿಟ್ಟು, ಅಲ್ಲಿಂದ ಹಿಂದಕ್ಕೆ ಹೆಣೆಯುತ್ತ ಬರಬೇಕು. ನಡುವಿನ ಎರಡು ಎಳೆಗಳು ಸಡಿಲವಾಗದಂತೆ ಬಕಲ್ಲುಗಳನ್ನು ಕಿಟಕಿಯ ಎರಡು ಸರಳುಗಳಿಗೆ ಸಣ್ಣ ದಾರದಿಂದ ಎಳೆದು ಕಟ್ಟಿದರೆ ಕೆಲಸ ಹಗುರವಾಗುತ್ತದೆ.

ಹೊಸಬರು ತಪ್ಪುವುದು ಯಾವ ತುದಿ ಮೇಲೆ ಬರಬೇಕು ಎಂಬಲ್ಲಿ. ಅದಕ್ಕಾಗಿ ಒಂದು ತುದಿಗೆ ಬಣ್ಣದ ಟೇಪು ಸುತ್ತಿಕೊಳ್ಳಿ. ಆ ಗುರುತಿನ ತುದಿ ಎಡಗಡೆ ಇರಲಿ. ಅದನ್ನು ನಡುವಿನ ಎಳೆಗಳ ಮೇಲಿಂದ ಬಲಕ್ಕೆ ತಂದು, ಬಲಗಡೆಯ ತುದಿಯನ್ನು ಅದರ ಮೇಲಿಂದ ಇಳಿಸಿ, ನಡು ಎಳೆಗಳ ಹಿಂದಿನಿಂದ ಎಡಕ್ಕೆ ಒಯ್ದು, ಅಲ್ಲಿ ಗುರುತಿನ ಹಗ್ಗ ಮಾಡಿರುವ ಕುಣಿಕೆಯೊಳಗಿಂದ ಮುಂದಕ್ಕೆ ಎಳೆದು ಬಿಗಿಯಿರಿ. ಈಗ ಗುರುತಿನ ತುದಿ ಬಲಕ್ಕೆ ಬಂದಿರುತ್ತದೆ. ಎರಡನೆಯ ಸಲವೂ ಅದನ್ನೇ ಮೇಲಿಂದ ಎಡಕ್ಕೆ ತಂದು, ಮೊದಲಿನಂತೆಯೇ ಇನ್ನೊಂದನ್ನು ಹಿಂದಿನಿಂದ ಒಯ್ದು ಬಲಗಡೆಯ ಕುಣಿಕೆಯಲ್ಲಿ ಹೊರತೆಗೆಯಬೇಕು. ಎಡವೋ ಬಲವೋ ಎಂದು ಲೆಕ್ಕ ಇಡಬೇಕಾಗಿಲ್ಲ, ಗುರುತಿನ ಹಗ್ಗ ಸದಾ ಮುಂದಿನಿಂದ ಹಾಯುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು. ಇದರ ಬದಲು ಪ್ರತಿ ಸಲ ಎಡಗಡೆಯ ತುದಿಯನ್ನೇ ಮೇಲೆ ತಂದರೆ ಪಟ್ಟಿ ಮೆಟ್ಟಿಲು ಮೆಟ್ಟಿಲಾಗಿ ತಿರುಚಿಕೊಳ್ಳುತ್ತದೆ. ಬಿಗಿತದ ವಿಷಯದಲ್ಲಿ, ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುವವರ ಕೈಯಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಹದ ಇರಬೇಕು. ಬಲವೆಲ್ಲ ಹಾಕಿ ಎಳೆದರೆ ಪಟ್ಟಿ ಹಲಗೆಯಾಗುತ್ತದೆ, ಬೇಕಾದಾಗ ಗಂಟು ಬಿಚ್ಚುವುದೂ ಇಲ್ಲ. ಐದಾರು ಗಂಟುಗಳಿಗೊಮ್ಮೆ ಹೆಣಿಗೆಯನ್ನು ಮೇಲಕ್ಕೆ ಒತ್ತಿ ಸರಿಪಡಿಸಿಕೊಳ್ಳಿ.

ತುದಿಗಳನ್ನು ಕರಗಿಸಿ ಹೆಣಿಗೆಗೇ ಅಂಟಿಸಿಬಿಡುವುದು ಎಲ್ಲರೂ ಮಾಡುವ ಕ್ರಮ. ನನಗೆ ಅದು ಹಿಡಿಸುವುದಿಲ್ಲ, ಏಕೆಂದರೆ ಹಾಗೆ ಅಂಟಿದ ಪಟ್ಟಿಯನ್ನು ಚಾಕುವಿಲ್ಲದೆ ಬಿಚ್ಚಲಾಗದು. ದಬ್ಬಣದ ಸಹಾಯದಿಂದ ಎರಡೂ ತುದಿಗಳನ್ನು ಹಿಂಬದಿಯ ಎರಡು ಮೂರು ಗಂಟುಗಳ ಅಡಿಯಲ್ಲಿ ತೂರಿಸಿ, ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಎಳೆಗಳು ಚದುರದಂತೆ ಕೊನೆಯನ್ನಷ್ಟೇ ಲೈಟರಿನ ನೀಲಿ ಜ್ವಾಲೆಗೆ ತೋರಿಸಿ. ಮೇಣದಬತ್ತಿಯಲ್ಲಿ ಮಸಿ ಹಿಡಿಯುತ್ತದೆ. ನೈಲಾನ್ ಕರಗುವುದು 220 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಆ ಹನಿ ಚರ್ಮಕ್ಕೆ ತಾಗಿದರೆ ಅಂಟಿಕೊಂಡೇ ಸುಡುತ್ತದೆ. ಬಿಸಿ ತುದಿಯನ್ನು ಬೆರಳಿನಿಂದಲ್ಲ, ಚಮಚದ ಬೆನ್ನಿನಿಂದ ಒತ್ತಬೇಕು. ಈ ಕೆಲಸವೊಂದನ್ನು ಮಕ್ಕಳ ಕೈಗೆ ಕೊಡದೆ ದೊಡ್ಡವರೇ ಮಾಡಲಿ, ಅದೂ ಕಿಟಕಿ ತೆರೆದಿಟ್ಟು.

ಗ್ರೈಂಡರ್, ತೆಂಗಿನಕಾಯಿ ತುರಿಯುವ ಯಂತ್ರ, ದೋಣಿಯ ವಿಂಚ್ ಇಂಥವುಗಳ ಬಳಿ ಕೆಲಸ ಮಾಡುವಾಗ ಪಟ್ಟಿಯನ್ನು ಕಳಚಿಡಲೇಬೇಕು. ತುಂಡಾಗದ ಹಗ್ಗ ಯಂತ್ರಕ್ಕೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ.

ಬೆವರಿಗೆ, ಸಮುದ್ರದ ಉಪ್ಪುನೀರಿಗೆ ಒಡ್ಡಿದ ಪಟ್ಟಿಯನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿ ಹಿಂಡಿ, ಫ್ಯಾನಿನ ಕೆಳಗೆ ಒಣಗಿಸಿ. ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ನೈಲಾನ್ ಬಲ ಕಳೆದುಕೊಳ್ಳುತ್ತದೆ.

ಬಿಚ್ಚಬೇಕಾಗಿ ಬಂದಾಗ ತೂರಿಸಿದ ತುದಿಗಳನ್ನು ಎಳೆದು, ಕೊನೆಯ ಗಂಟಿನಿಂದ ಹಿಂದಕ್ಕೆ ಬನ್ನಿ. ಕೊಡೆಯ ಕಡ್ಡಿಗೆ ಬಟ್ಟೆ ಹೊಲಿಯುವಂಥ ಸಣ್ಣ ಕೆಲಸಕ್ಕೆ ಒಂದು ತುಂಡು ಕತ್ತರಿಸಿ ಒಳಗಿನ ಎಳೆಯೊಂದನ್ನು ತೆಗೆದರೆ ಸಾಕು. ಎಳೆಗಳನ್ನು ತೆಗೆದ ಬರಿಯ ಹೊರಹೆಣಿಗೆಯಿಂದ ಭಾರ ಕಟ್ಟಬಾರದು. ಕೆಲಸ ಮುಗಿದ ಮೇಲೆ ಸುಕ್ಕುಗಟ್ಟಿದ ಹಗ್ಗವನ್ನು ಬಿಸಿನೀರಿನಲ್ಲಿ ನೆನೆಸಿ, ಒಂದು ತುದಿಗೆ ಭಾರ ಕಟ್ಟಿ ತೂಗಹಾಕಿ ಒಣಗಿಸಿದರೆ ನೇರವಾಗುತ್ತದೆ. ಎಲ್ಲಿಯೂ ಹೊರಹೆಣಿಗೆ ಸವೆದು ಬಿಳಿ ಎಳೆ ಇಣುಕದಿದ್ದರೆ ಅದೇ ಹಗ್ಗದಲ್ಲಿ ಮತ್ತೆ ಪಟ್ಟಿ ಹೆಣೆಯಬಹುದು, ಇಣುಕುತ್ತಿದ್ದರೆ ಮಲ್ಲಿಗೆ ಬಳ್ಳಿಯ ಆಸರೆಗೋಲು ಕಟ್ಟಲು ಇಟ್ಟುಕೊಳ್ಳಿ.